ಮೇಜಿನ ಮೇಲೆ ಓಡಿದ ರೈಲು

ಉದಕಮಂಡಲದಲ್ಲಿ ಹುಟ್ಟಿ ಬೆಳೆದ ನಮಗೆ ರೈಲು ಎಂದರೆ ಬೆಟ್ಟದ ರೈಲೇ. 1899ರಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ ಬಂದ ಹಳಿ 1908ರಲ್ಲಿ ನಮ್ಮ ಊರನ್ನು ತಲುಪಿತು. ಕಲ್ಲಾರಿನಿಂದ ಕೂನೂರಿನವರೆಗೆ 12 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವಂಥ ಕಡಿದಾದ ದಾರಿ. ಅಲ್ಲಿ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದ್ದು, ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಇಂಜಿನ್ ಬೋಗಿಗಳನ್ನು ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಥ ರೈಲಿನ ಕೂಗು ಕೇಳುತ್ತಾ ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂತು ಮುದುಕನಾದ ನನಗೆ ಆಟದ ರೈಲಿನಲ್ಲಿ ಏನು ವಿಶೇಷ ಕಂಡೀತು? ಹೀಗೆಂದೇ ನಾನು ತಿಳಿದಿದ್ದೆ. ಕಳೆದ ಬೇಸಿಗೆ ರಜೆಯಲ್ಲಿ ಆ ಅಭಿಪ್ರಾಯ ಬದಲಾಯಿತು.

ನನಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಅಂಗಡಿ ನೋಡಿಕೊಳ್ಳುತ್ತಾನೆ. ಕಿರಿಯವನು ಹನ್ನೊಂದು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ನೌಕರಿ ಹಿಡಿದ. ಮನೆತನದ ವ್ಯಾಪಾರ ಬಿಟ್ಟು ಸಂಬಳಕ್ಕೆ ಹೋದನಲ್ಲ ಎಂದು ನನಗೆ ಕೋಪ. ಅಂದಿನಿಂದ ನಮ್ಮಿಬ್ಬರ ಮಾತು ಹಬ್ಬ ಹುಣ್ಣಿಮೆಗೆ ಸೀಮಿತ. ಈ ಸಲ ಅವನು ಮಗನಿಗೆಂದು ಎರಡು ಇಂಜಿನ್‌ಗಳಿದ್ದ ಡಿಜಿಟಲ್ ರೈಲು ಸೆಟ್ ತಂದಿದ್ದ. ಪೆಟ್ಟಿಗೆಯ ಮೇಲಿನ ಬೆಲೆಯ ಚೀಟಿಯನ್ನು ಕಿತ್ತು ತಂದಿದ್ದ. ನನ್ನ ಸ್ವಭಾವ ಅವನಿಗೆ ಗೊತ್ತು.

ಇವು ಎಚ್‌ಒ ಅಳತೆಯ ರೈಲುಗಳು. ಎಂದರೆ ನಿಜವಾದ ಇಂಜಿನ್ನಿನ 87ರಲ್ಲಿ 1 ಪಾಲು. ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಹಿಂದಿನ ಮಾದರಿ ರೈಲುಗಳಲ್ಲಿ ರೆಗ್ಯುಲೇಟರ್ ತಿರುಗಿಸಿದಷ್ಟು ಕರೆಂಟು ಹಳಿಗೆ ಹರಿಯುತ್ತಿತ್ತು. ಹಳಿಯ ಮೇಲೆ ಎರಡು ಇಂಜಿನ್ ಇದ್ದರೆ ಎರಡೂ ಒಟ್ಟಿಗೆ ಹೊರಡುತ್ತಿದ್ದವು. ಡಿಜಿಟಲ್ ಪದ್ಧತಿಯಲ್ಲಿ ಹಳಿಗೆ ಸದಾ ಒಂದೇ ಸಮ ಕರೆಂಟು, ಸುಮಾರು 15 ವೋಲ್ಟ್. ಆ ಕರೆಂಟಿನಲ್ಲೇ ಆಜ್ಞೆಗಳೂ ಹೋಗುತ್ತವೆ. ಇಂಜಿನ್ನಿನ ಹೊಟ್ಟೆಯಲ್ಲಿರುವ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟ್ ತನ್ನ ನಂಬರಿಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸಿ, ಉಳಿದದ್ದನ್ನು ಬಿಟ್ಟುಬಿಡುತ್ತದೆ. ಜರ್ಮನಿಯ ಲೆಂಜ್ ಸಂಸ್ಥೆಯ ಈ ವಿಧಾನವನ್ನು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ 1990ರ ದಶಕದಲ್ಲಿ ಎಲ್ಲ ಕಂಪನಿಗಳಿಗೂ ಹೊಂದುವಂತೆ ನಿಯಮವಾಗಿ ರೂಪಿಸಿತು. ಇದಕ್ಕೆ ಡಿಸಿಸಿ ಎಂದು ಹೆಸರು.

ಡಿಕೋಡರ್‌ನೊಳಗೆ ನಂಬರ್ ಹಾಕಿದ ಖಾನೆಗಳಿವೆ. ಅವನ್ನು ಸಿವಿ ಎನ್ನುತ್ತಾರೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಪ್ರತಿ ಗಿರಾಕಿಗೂ ಒಂದು ಪುಟ ಇರುವಂತೆ ಇಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಖಾನೆ. 1ನೆಯದರಲ್ಲಿ ಇಂಜಿನ್ನಿನ ನಂಬರ್. 3ನೆಯದರಲ್ಲಿ ಎಷ್ಟು ನಿಧಾನವಾಗಿ ವೇಗ ಏರಬೇಕು ಎಂಬುದು. 4ನೆಯದರಲ್ಲಿ ಎಷ್ಟು ನಿಧಾನವಾಗಿ ನಿಲ್ಲಬೇಕು ಎಂಬುದು. ಹೊಸ ಇಂಜಿನ್ ಸಾಮಾನ್ಯವಾಗಿ 3 ಎಂಬ ನಂಬರಿನೊಂದಿಗೆ ಬರುತ್ತದೆ. ಮನೆಗೆ ತಂದ ಮೇಲೆ ನಾವು ಬೇರೆ ನಂಬರ್ ಕೊಡಬೇಕು.

ಇಲ್ಲಿಯೇ ನಾನು ಎಡವಿದ್ದು. ಮಗ ಪೇಟೆಗೆ ಹೋಗಿದ್ದಾಗ ಮೊಮ್ಮಗ, "ಅಜ್ಜಾ, ನೀವೇ ಮಾಡಿಕೊಡಿ" ಎಂದು ಕಾಡಿದ. ಇಷ್ಟು ವರ್ಷ ವ್ಯಾಪಾರ ಮಾಡಿದವನಿಗೆ ಇದೇನು ಮಹಾ ಎಂದು ಎರಡು ಇಂಜಿನ್‌ಗಳನ್ನೂ ಎದುರುಬದುರಾಗಿ ಹಳಿಯ ಮೇಲಿಟ್ಟು 25 ಎಂದು ನಂಬರ್ ಒತ್ತಿದೆ. ಮುಂದಕ್ಕೆ ಎಂದೊಡನೆ ಎರಡೂ ಹೊರಟು ನಡುವೆ ಡಿಕ್ಕಿ ಹೊಡೆದವು. ಒಂದು ಮೇಜಿನಿಂದ ಕೆಳಗೆ ಬಿದ್ದು ಅದರ ಕೊಂಡಿ ಮುರಿಯಿತು. ಮಗು ಅಳತೊಡಗಿತು.

ಮಗ ಬಂದು ನೋಡಿದ. ಏನಾದರೂ ಅಂದೇ ಅನ್ನುತ್ತಾನೆ ಎಂದು ಕಾದೆ. ಅವನು ಶಾಂತವಾಗಿ, "ಅಪ್ಪಾಜಿ, ನಂಬರ್ ಬರೆಯುವಾಗ ಹಳಿಯ ಮೇಲೆ ಒಂದೇ ಇಂಜಿನ್ ಇರಬೇಕು. ಎರಡಿದ್ದರೆ ಎರಡಕ್ಕೂ ಒಂದೇ ನಂಬರ್ ಹೋಗಿಬಿಡುತ್ತದೆ. ಹಾಳೇನೂ ಆಗಿಲ್ಲ, ತಿದ್ದಬಹುದು" ಎಂದ. ಒಂದನ್ನು ಎತ್ತಿಟ್ಟು ಇನ್ನೊಂದಕ್ಕೆ ಬೇರೆ ನಂಬರ್ ಬರೆದ. ಆಮೇಲೆ ಒಂದು ನಿಂತಿದ್ದರೂ ಇನ್ನೊಂದು ಓಡಿತು.

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಇಬ್ಬರು ಮಕ್ಕಳಿಗೂ ನಾನು ಒಂದೇ ನಂಬರ್ ಬರೆದಿದ್ದೆ. ಒಬ್ಬನಿಗೆ ಹೊಂದಿತು, ಇನ್ನೊಬ್ಬನಿಗೆ ಹೊಂದಲಿಲ್ಲ. ಬೆಳಿಗ್ಗೆ ಹಳಿ ಒರೆಸುತ್ತಾ ಕೂತಿದ್ದ ಮಗನನ್ನು, "ನಿನ್ನ ಆಫೀಸಿನಲ್ಲಿ ನೀನು ಮಾಡುವ ಕೆಲಸ ಏನಪ್ಪಾ?" ಎಂದು ಕೇಳಿದೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಹೇಳತೊಡಗಿದ. ಅಂಗಡಿ ತೆರೆಯುವುದು ಅಂದು ಒಂದು ಗಂಟೆ ತಡವಾಯಿತು.

ಮನೆಯಲ್ಲಿ ಇಂಥ ರೈಲು ಹೂಡುವವರಿಗೆ ಅನುಭವದ ಕೆಲವು ಮಾತು. ಹೊರದೇಶದಿಂದ ತರಿಸಿದ್ದಾದರೆ ಅಡಾಪ್ಟರ್ ನಮ್ಮ 230 ವೋಲ್ಟಿಗೆ ಹೊಂದುತ್ತದೆಯೇ ಎಂದು ಮೊದಲು ಓದಿ. ಅಮೆರಿಕದ 120 ವೋಲ್ಟಿನದಾದರೆ ಸುಟ್ಟುಹೋಗುತ್ತದೆ. ಹಳೆಯ ರೆಗ್ಯುಲೇಟರನ್ನೂ ಡಿಜಿಟಲ್ ಪೆಟ್ಟಿಗೆಯನ್ನೂ ಒಂದೇ ಹಳಿಗೆ ಜೋಡಿಸಬೇಡಿ. ಹಳಿಯನ್ನು ಸಮತಟ್ಟಾದ ಹಲಗೆಯ ಮೇಲೆ ಕೂಡಿಸಿ. ನಮ್ಮ ಊಟಿಯ ಮಳೆಗಾಲದ ತೇವಕ್ಕೆ ಹಳಿಯ ಮೇಲೆ ಕೊಳೆ ಕೂತು ಇಂಜಿನ್ ತಡವರಿಸಿದರೆ, ಕರೆಂಟು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿ ಬಟ್ಟೆಯಿಂದ ಒರೆಸಿ. ಉಪ್ಪುಕಾಗದದಿಂದ ಉಜ್ಜಿದರೆ ಗೀರು ಬಿದ್ದು ಅದರಲ್ಲೇ ಮತ್ತೆ ಕೊಳೆ ನಿಲ್ಲುತ್ತದೆ. ಬರೆದದ್ದೆಲ್ಲ ಗೊಂದಲವಾದರೆ ಹೆದರಬೇಡಿ: ಹೆಚ್ಚಿನ ಡಿಕೋಡರ್‌ಗಳಲ್ಲಿ 8ನೇ ಖಾನೆಯಲ್ಲಿ 8 ಎಂದು ಬರೆದರೆ ಎಲ್ಲವೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ.

ರಜೆ ಮುಗಿದು ಅವರು ಹೊರಟಾಗ ಮೊಮ್ಮಗ ಒಂದು ಇಂಜಿನ್ನನ್ನು ನನ್ನ ಬಳಿಯೇ ಬಿಟ್ಟು ಹೋದ. ಕೊಂಡಿ ಮುರಿದದ್ದೇ ಅದು. ಈಗ ಪ್ರತಿ ಭಾನುವಾರ ಮಗ ಫೋನ್ ಮಾಡುತ್ತಾನೆ. ಮೊದಲು ರೈಲಿನ ಮಾತು, ಆಮೇಲೆ ಬೇರೆಯದು.