ಮಂಜು ಕರಗಿದ ಸರೋವರದಲ್ಲಿ ಪೈಕ್ ಬೇಟೆ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಚಳಿಗಾಲವಿಡೀ ಸರೋವರಗಳು ಹೆಪ್ಪುಗಟ್ಟಿರುತ್ತವೆ. ಮಂಜುಗಡ್ಡೆ ಕರಗುತ್ತಿದ್ದಂತೆಯೇ ನಾರ್ದರ್ನ್ ಪೈಕ್ ಎಂಬ ಉದ್ದ ಮೂತಿಯ ಮೀನು ಜೊಂಡು ಬೆಳೆದ, ಆಳವಿಲ್ಲದ ನೀರಿಗೆ ಬಂದು ಮೊಟ್ಟೆಯಿಡುತ್ತದೆ. ಅಲ್ಲಿನ ಒಳನಾಡಿನ ಸರೋವರಗಳಲ್ಲಿ ಅದನ್ನು ಹಿಡಿಯಲು ಅನುಮತಿ ಸಿಗುವುದು ಮೇ ತಿಂಗಳಲ್ಲಿ.

ಆ ಆರಂಭದ ದಿನಗಳು ಹೊಸಬರಿಗೆ ಅನುಕೂಲ. ಬಿಸಿಲಿಗೆ ಬೇಗ ಬೆಚ್ಚಗಾಗುವ ದಡದ ಸಮೀಪವೇ ಮೀನು ಇರುತ್ತದೆ. ಪೈಕ್ ಬೆನ್ನಟ್ಟಿ ಬೇಟೆಯಾಡುವುದು ಕಡಿಮೆ. ಗಿಡಗಳ ಮರೆಯಲ್ಲಿ ಹೊಂಚು ಹಾಕಿ ತಟ್ಟನೆ ಎರಗುತ್ತದೆ. ಆದ್ದರಿಂದ ಚಮಚದಾಕಾರದ ಹೊಳೆಯುವ ಗಾಳವನ್ನು ಗಿಡಗಳ ಅಂಚಿನಲ್ಲಿ ನಿಧಾನವಾಗಿ ಎಳೆಯಬೇಕು. ಅದರ ಹಲ್ಲು ನೈಲಾನ್ ದಾರವನ್ನೂ ಕತ್ತರಿಸುತ್ತದೆ. ಹಾಗಾಗಿ ಗಾಳಕ್ಕೂ ದಾರಕ್ಕೂ ನಡುವೆ ಉಕ್ಕಿನ ತಂತಿ ಬೇಕು, ಬಾಯಿಯಿಂದ ಗಾಳ ಬಿಡಿಸಲು ಉದ್ದನೆಯ ಇಕ್ಕಳ ಬೇಕು. ನೀರು ಇನ್ನೂ ಕೊರೆಯುತ್ತಿರುತ್ತದೆ. ದೋಣಿಯಲ್ಲಿ ಮಕ್ಕಳಿಗಷ್ಟೇ ಅಲ್ಲ, ಹಿರಿಯರಿಗೂ ಲೈಫ್ ಜಾಕೆಟ್ ಇರಲಿ.

ಮಾಂಸ ರುಚಿಕರ, ಆದರೆ ಕವಲೊಡೆದ ಸಣ್ಣ ಮುಳ್ಳುಗಳಿವೆ. ಮಕ್ಕಳಿಗೆ ಬಡಿಸುವ ಮುನ್ನ ಅವನ್ನು ಪೂರ್ತಿ ತೆಗೆಯಬೇಕು.

ದೊಡ್ಡ ಪೈಕ್‌ಗಳು ವಿರಳವಾಗಿ, ಸಣ್ಣವು ವಿಪರೀತ ಹೆಚ್ಚಿದ್ದರಿಂದ 2018ರಲ್ಲಿ ರಾಜ್ಯದ ಬಹುಭಾಗದಲ್ಲಿ ಹೊಸ ನಿಯಮ ಬಂತು: ಒಬ್ಬರಿಗೆ 10 ಮೀನು, ಅದರಲ್ಲಿ 26 ಇಂಚು ಮೀರಿದವು ಎರಡೇ. 22ರಿಂದ 26 ಇಂಚಿನವನ್ನು ನೀರಿಗೇ ಬಿಡಬೇಕು. ಹಿಡಿಯಲು ಕಲಿಯುವವರು ಬಿಡಲೂ ಕಲಿತರೆ ಮಾತ್ರ ನಾಳಿನ ಮಕ್ಕಳಿಗೂ ಸರೋವರದಲ್ಲಿ ಮೀನು ಉಳಿದೀತು.