ಎಲೆ ಉಲಿಯಕ್ಕಿಯನ್ನು ಗುರುತಿಸುವ ಬಗೆ

ನಮ್ಮ ಹಳೆಯ ವಿದ್ಯಾರ್ಥಿನಿಯರು ಬರೆಯುವ ಕಾಗದಗಳಲ್ಲಿ ಪದೇಪದೇ ಬರುವ ಪ್ರಶ್ನೆಯೊಂದುಂಟು: ಮಾಗಿಯ ಕಾಲದಲ್ಲಿ ಮಲೆನಾಡಿನ ಮರಗಳಲ್ಲಿ ಗಳಿಗೆಯೂ ನಿಲ್ಲದೆ ಎಲೆಯಿಂದೆಲೆಗೆ ಹಾರಿ ಹುಳು ಹೆಕ್ಕುವ, ಗುಬ್ಬಿಗಿಂತಲೂ ಚಿಕ್ಕದಾದ ಹಸುರು ಹಕ್ಕಿ ಯಾವುದು?

ಅದು ಎಲೆ ಉಲಿಯಕ್ಕಿ. ಆದರೆ ಇದು ಅರ್ಧ ಉತ್ತರವೇ ಸರಿ. ಈ ಹೆಸರಿನ ಹಕ್ಕಿಗಳಲ್ಲಿ ಹಲವು ಜಾತಿಗಳುಂಟು. ಅವುಗಳ ಉದ್ದ ಸುಮಾರು 4 ಅಂಗುಲ. ಹೆಚ್ಚಿನವಕ್ಕೆ ಬೆನ್ನು ಹಸುರು, ಹೊಟ್ಟೆ ಮಾಸಿದ ಬಿಳುಪು, ಕಣ್ಣಿನ ಮೇಲೆ ತಿಳಿಬಣ್ಣದ ಹುಬ್ಬು. ಹೊಟ್ಟೆ ಹಳದಿಯಾಗಿದ್ದು, ರೆಕ್ಕೆಯಲ್ಲಿ ಗೆರೆಯಿಲ್ಲದೆ, ತಗ್ಗಿನ ಪೊದೆಗಳಲ್ಲಿ ಸುಳಿಯುತ್ತಿದ್ದರೆ ಅದು ಟಿಕೆಲ್ಲನ ಉಲಿಯಕ್ಕಿ, ಅದರಲ್ಲಿ ಕಷ್ಟವಿಲ್ಲ.

ಕಷ್ಟವಿರುವುದು ಉಳಿದ ಮೂರರಲ್ಲಿ. ಹಸುರು ಉಲಿಯಕ್ಕಿಯ ರೆಕ್ಕೆಗೆ ಒಂದೇ ತೆಳುಗೆರೆ. ಗರಿ ಸವೆದಾಗ ಅದೂ ಅಳಿಸಿಹೋಗುವುದುಂಟು. ಪಶ್ಚಿಮ ಹಿಮಾಲಯದಲ್ಲಿ ಗೂಡು ಕಟ್ಟಿ ಚಳಿಗಾಲಕ್ಕೆ ನಮ್ಮ ಘಟ್ಟಗಳಿಗೆ ಬರುವ ನೆತ್ತಿಪಟ್ಟೆಯ ಉಲಿಯಕ್ಕಿಗೆ ಗೆರೆಗಳು ಎರಡು. ಕಪ್ಪೊತ್ತಿದ ನೆತ್ತಿಯ ನಡುವೆ ಬೈತಲೆ ತೆಗೆದಂತೆ ತಿಳಿಯಾದ ಪಟ್ಟೆಯೊಂದುಂಟು. ಕೆಳಗೆ ನಿಂತು ನೋಡುವವರಿಗೆ ನೆತ್ತಿಯೇ ಕಾಣದೆಂಬುದು ಬೇರೆ ಮಾತು! ಇನ್ನು ದೊಡ್ಡ ಕೊಕ್ಕಿನ ಉಲಿಯಕ್ಕಿಯನ್ನು ಹಸುರು ಉಲಿಯಕ್ಕಿಯಿಂದ ಬರಿಗಣ್ಣಿನಿಂದ ಬೇರ್ಪಡಿಸುವುದು ಬಹುಮಟ್ಟಿಗೆ ಅಸಾಧ್ಯ. ಆದರೆ ಬಾಯಿ ತೆರೆದೊಡನೆ ಗುಟ್ಟು ರಟ್ಟಾಗುವುದು. ಹಸುರು ಉಲಿಯಕ್ಕಿ 'ಚಿಲ್ವೀ' ಎಂದು ಚಿಲಿಪಿಲಿಗುಟ್ಟಿದರೆ, ದೊಡ್ಡ ಕೊಕ್ಕಿನದು 'ದಿರ್‌-ತೀ' ಎಂದು ಎರಡು ಸ್ವರಗಳಲ್ಲಿ ಸಿಳ್ಳು ಹಾಕುವುದು. ಎರಡನೆಯ ಸ್ವರ ಮೇಲೇರುವುದು.

ಆದಕಾರಣ ಕಣ್ಣಿಗಿಂತ ಕಿವಿಯನ್ನು ನಂಬಬೇಕು. ಇಂಗ್ಲೆಂಡಿನ ಸೆಲ್ಬರ್ನ್ ಗ್ರಾಮದ ಪಾದ್ರಿಗಳಾದ ಗಿಲ್ಬರ್ಟ್ ವೈಟರು ಒಂದೇ ಎಂದು ತಿಳಿಯಲಾಗಿದ್ದ ಈ ಕುಲದ ಮೂರು ಹಕ್ಕಿಗಳನ್ನು 1768ರಲ್ಲಿ ಬೇರ್ಪಡಿಸಿದ್ದು ಮುಖ್ಯವಾಗಿ ಸ್ವರದಿಂದಲೇ. ಹಕ್ಕಿಗಳು ತಾವೂ ಹಾಗೆಯೇ ಮಾಡುತ್ತವೆ. ಟಿಬೆಟ್ಟಿನ ಸುತ್ತಲೂ ಹಬ್ಬಿರುವ ಹಸುರು ಉಲಿಯಕ್ಕಿಗಳ ಹಾಡು ಎಡೆಯಿಂದೆಡೆಗೆ ಸ್ವಲ್ಪಸ್ವಲ್ಪವೇ ಬದಲಾಗುತ್ತ ಹೋಗಿ, ಸೈಬೀರಿಯದಲ್ಲಿ ಎರಡು ಕೊನೆಗಳು ಸಂಧಿಸುವಲ್ಲಿ ಒಂದರ ಹಾಡನ್ನು ಇನ್ನೊಂದು ತನ್ನ ಜಾತಿಯದೆಂದು ಎಣಿಸುವುದಿಲ್ಲವೆಂದು 2001ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು.

ನಾನಾದರೋ ಬಹಳ ವರ್ಷ ಎಲ್ಲವನ್ನೂ ಹಸುರು ಉಲಿಯಕ್ಕಿಯೆಂದೇ ಕಲಿಸಿದೆನು. ಒಮ್ಮೆ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಅಮ್ಮಾ, ಇದರ ಕೂಗು ಬೇರೆ" ಎಂದಾಗ, ಪುಸ್ತಕದಲ್ಲಿ ಹಾಗಿಲ್ಲವೆಂದು ಗದರಿಸಿ ಕೂರಿಸಿದೆನು. ಎರಡು ವರ್ಷಗಳ ತರುವಾಯ ಮಡಿಕೇರಿಯ ಬೆಟ್ಟದ ದಾರಿಯಲ್ಲಿ ಅದೇ ಕೂಗನ್ನು ಕೇಳಿ ಕೆಳಗಿನ ಮರದ ತುದಿಯನ್ನು ನೋಡಿದಾಗ, ಬೈತಲೆಯು ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಅವಳು ಪಾಠಶಾಲೆಯನ್ನು ಬಿಟ್ಟಿದ್ದಳು. ಈ ಸಂಚಿಕೆಯು ಅವಳ ಕೈಸೇರಿದರೆ, ಅಂದು ಅವಳು ಹೇಳಿದ್ದೇ ಸರಿಯೆಂದು ತಿಳಿಯಲಿ.