ಜಾಲಿ ಗಿಡದ ಕೆಳಗೆ ಸಿಕ್ಕಿದ ಬುತ್ತಿ



ರಾಣಿ ಈಜೆಬೆಲಳ ಕೊಲೆಬೆದರಿಕೆಗೆ ಅಂಜಿ ಮರುಭೂಮಿಗೆ ಓಡಿದ ಪ್ರವಾದಿ ಎಲೀಯನು ಜಾಲಿ ಗಿಡದ ಕೆಳಗೆ ಕುಳಿತು ಸಾವನ್ನೇ ಬೇಡಿಕೊಂಡನು (1 ಅರಸುಗಳು 19). ದೇವರು ಅವನನ್ನು ಗದರಿಸಲಿಲ್ಲ. ಮಲಗಲು ಬಿಟ್ಟರು, ದೂತನ ಮೂಲಕ ರೊಟ್ಟಿ, ನೀರು ಕೊಟ್ಟು ಎರಡು ಬಾರಿ ಉಣಿಸಿದರು. ಆ ಬಲದಿಂದ ಅವನು 40 ದಿನ ಹಗಲಿರುಳು ಹೋರೇಬ್ ಬೆಟ್ಟದವರೆಗೆ ನಡೆದನು. ಬೆದರಿಕೆ ತಪ್ಪಿರಲಿಲ್ಲ, ದಾರಿಯೂ ಕಿರಿದಾಗಿರಲಿಲ್ಲ. ನಡೆಯುವ ಶಕ್ತಿ ಬಂದಿತ್ತು.

ಇಂದಿನ ಹಬ್ಬದಲ್ಲಿ ನಾವು ಆರಾಧಿಸುವ ಪರಮಪ್ರಸಾದವೂ ನಮ್ಮ ದಾರಿಬುತ್ತಿ. ಬಲಿಪೂಜೆ ಮುಗಿಸಿ ಮನೆಗೆ ಮರಳಿದಾಗ ಸಾಲ, ಕಾಯಿಲೆ, ಅಗಲಿಕೆಯ ನೋವು ಹಾಗೆಯೇ ಇರಬಹುದು. ಆದರೆ ಹೊರೆಗೆ ಪ್ರಭು ಯೇಸುವೂ ಹೆಗಲು ಕೊಟ್ಟಿರುತ್ತಾರೆ. "ಇನ್ನು ಸಾಕು" ಎನಿಸಿದ ದಿನವೇ ಅವರ ಬಲಿಪೀಠದ ಬಳಿಗೆ ಬನ್ನಿ. ನೆರೆಮನೆಯಲ್ಲಿ ಯಾರಾದರೂ ಕುಸಿದು ಕುಳಿತಿದ್ದರೆ, ಬುದ್ಧಿಮಾತಿಗೆ ಮೊದಲು ಒಂದು ತುತ್ತು ಊಟ ಒಯ್ಯಿರಿ.